ನನ್ನ ಕೈಯಾರೆ ಕಿತ್ತ ಗುಲಾಬಿ

ಬೇರು ಬಿಟ್ಟು ಆರೇಳು ವರ್ಷ ನಿಂತ ಗುಲಾಬಿ ಕಂಟಿಯನ್ನು ಕಿತ್ತು ಬೇರೆ ಜಾಗದಲ್ಲಿ ಬದುಕಿಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಯಾರಾದರೂ ಕೇಳಿದರೆ ಹೇಳಿಕೊಡುತ್ತೇನೆ ಕೂಡ. ಆದರೆ ಹೇಳುತ್ತ ಹೇಳುತ್ತ ನನ್ನ ದನಿ ಯಾಕೆ ಬಿರುಸಾಗುತ್ತದೆ ಎಂದು ಕೇಳಿದವರಿಗೆ ತಿಳಿಯುವುದಿಲ್ಲ. ಹೂವಿನ ಮಾತಾಡುವಾಗ ಇಷ್ಟು ಸಿಟ್ಟು ಯಾರಿಗೂ ಬರಬಾರದು. ನನಗೆ ಬರುತ್ತದೆ, ಏನು ಮಾಡಲಿ.

ಅದು ಎಂಬತ್ತರ ದಶಕದ ಕೊನೆಯ ಮಾತು. ನಾನು ರಾಣೆಬೆನ್ನೂರಿನ ತವರಿನಲ್ಲಿದ್ದುಕೊಂಡು ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆಯಾಗಿ ಹಾವೇರಿಗೆ ಹೋದವಳು ಮೂರನೆಯ ವರ್ಷಕ್ಕೆ ವಾಪಸು ಬಂದಿದ್ದೆ. ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಾನೊಬ್ಬಳು ಆ ಮನೆಯಲ್ಲಿ ಇದ್ದೇನೆ ಎನ್ನುವುದು ಮಾತ್ರ ಅವನಿಗೆ ನೆನಪಿರುತ್ತಿರಲಿಲ್ಲ. ಇಷ್ಟಕ್ಕೇ ಯಾರಾದರೂ ಗಂಡನ ಮನೆ ಬಿಟ್ಟು ಬರುತ್ತಾರೇನು ಎಂದು ಓಣಿಯವರೆಲ್ಲ ಕೇಳಿದರು. ನಾನು ಬಂದಿದ್ದೆ. ತಂದದ್ದು ಒಂದು ಟ್ರಂಕು, ಒದ್ದೆ ಅರಿವೆಯಲ್ಲಿ ಸುತ್ತಿದ ಒಂದು ಗುಲಾಬಿ ಕಡ್ಡಿ.

ರಾಣೆಬೆನ್ನೂರಿನ ಮನೆಯಲ್ಲಿ ಅವ್ವ, ಅಣ್ಣ, ವೈನಿ, ಅವರ ಮೂರು ಮಕ್ಕಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಣ್ಣ ಏನೂ ಕೇಳಲಿಲ್ಲ. ಟ್ರಂಕು ಎತ್ತಿ ಒಳಗಿಟ್ಟ, ಚಪ್ಪಲಿ ಮೆಟ್ಟಿಕೊಂಡು ತನ್ನ ಕಿರಾಣಿ ಅಂಗಡಿಗೆ ಹೋದ. ಅದೊಂದು ಕೆಲಸಕ್ಕಾಗಿ ನಾನು ಮುಂದೆ ಏಳು ವರ್ಷ ಅವನನ್ನು ಕಣ್ಣು ಮುಚ್ಚಿ ನಂಬಿದೆ. ಆ ದಿನದ ಅಣ್ಣನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಆಮೇಲಿನ ಅಣ್ಣನ ಮೇಲೆ ಇದೆ.

ಹಾವೇರಿಯಿಂದ ತಂದ ಕಡ್ಡಿಯನ್ನು ಹಿತ್ತಲಿನ ತುದಿಯಲ್ಲಿ ಹಚ್ಚಿದೆ. ಅದು ಊರ ಗುಲಾಬಿ, ಬಣ್ಣ ತಿಳಿ, ವಾಸನೆ ಜೋರು. ಎರಡು ತಿಂಗಳಲ್ಲಿ ಹತ್ತಿಕೊಂಡಿತು. ಆಮೇಲೆ ಆಸೆ ಬೆಳೆಯಿತು. ಸಸಿ ಮಾರುವವರ ಹತ್ತಿರ ಕೆಂಪು, ಬಿಳಿ ಕಸಿಗುಲಾಬಿ ತಂದೆ. ಹೊಸರಿತ್ತಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಅಕ್ಕೋರು ಒಂದು ಹಳದಿ ಕೊಟ್ಟರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೆಸರು. ಹೀಗೆ ಕೂಡಿ ಕೂಡಿ ಏಳು ಕಂಟಿಗಳಾದವು. ನಮ್ಮದು ಎರೆಮಣ್ಣು, ಮಳೆ ಬಂದರೆ ಅಂಟು, ಬಿಸಿಲು ಬಿದ್ದರೆ ಬಿರುಕು. ಗಳಗನಾಥಕ್ಕೆ ಹೋದವರ ಕೈಯಲ್ಲಿ ಹೊಳೆಯ ಉಸುಕು ತರಿಸಿ, ಗೊಬ್ಬರ ಕೂಡಿಸಿ, ಆ ಮೂಲೆಯನ್ನು ಹದಕ್ಕೆ ತಂದೆ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿಯುವ ಮುಂಚೆ ಒಂದು ಹೂ ಕಿತ್ತು ತುರುಬಿಗೆ ಇಟ್ಟುಕೊಂಡರೆ, ಗಂಡನ ಮನೆ ಬಿಟ್ಟವಳಿಗೆ ಹೂವಿನ ಹುಚ್ಚು ನೋಡು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಕೇಳಲಿ ಎಂದೇ ಆಡುತ್ತಿದ್ದರು. ನಾನು ಮರುದಿನ ಎರಡು ಹೂ ಇಟ್ಟುಕೊಳ್ಳುತ್ತಿದ್ದೆ.

ಆ ಮನೆಯಲ್ಲಿ ನನ್ನದೆಂದು ಹೇಳಬಹುದಾದ ಜಾಗ ಆ ಮೂಲೆ ಒಂದೇ. ಒಳಗೆ ಪಡಸಾಲೆಯಲ್ಲಿ ಅವ್ವನ ಪಕ್ಕ ಹಾಸಿಗೆ ಬಿಚ್ಚುತ್ತಿದ್ದೆ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸುತ್ತಿಡುತ್ತಿದ್ದೆ. ಜೋಳದ ಚೀಲಕ್ಕೆ ಒರಗಿ ಮಕ್ಕಳ ಬರೆಯುವ ಪಟ್ಟಿ ತಿದ್ದುತ್ತಿದ್ದೆ. ಬೀಗರು ಬಂದರೆ ಅಡಿಗೆಮನೆಗೆ ಹೋಗಿ ಮಲಗುತ್ತಿದ್ದೆ. ಯಾರೂ ನನ್ನನ್ನು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಆದ್ದರಿಂದ ಆ ವರ್ಷ ದೀಪಾವಳಿ ಮುಗಿದ ಮೇಲೆ ಅಣ್ಣ ಆ ಮಾತು ತೆಗೆದಾಗ ನನಗೆ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

"ಹಿತ್ತಲದಾಗ ಒಂದು ಖೋಲಿ ಕಟ್ಟಸೋಣಂತ ಮಾಡೇನಿ. ಎಷ್ಟು ದಿನ ಅಂತ ನೀ ಪಡಸಾಲ್ಯಾಗ ಇರ್ತಿ? ಆದ್ರ ಅಲ್ಲಿ ನಿನ್ನ ಗುಲಾಬಿ ಅದಾವಲ್ಲ."

ಅವನ ಮಾತು ಮುಗಿಯುವ ಮೊದಲೇ, ಅವನ್ನು ಬೇರೆ ಕಡೆ ಹಚ್ಚುತ್ತೇನೆ ಎಂದೆ. ಬಾವಿಗೂ ಬಚ್ಚಲಿಗೂ ನಡುವೆ ಒಂದಿಷ್ಟು ನೆಲ ಖಾಲಿ ಇತ್ತು, ಬೆಳಗಿನ ಬಿಸಿಲು ಬೀಳುತ್ತಿತ್ತು. ಅಣ್ಣ ತಲೆಯಾಡಿಸಿದ. ನೀನೇ ಕೀಳಬೇಕು, ನೀನೇ ಹಚ್ಚಬೇಕು, ನಾವ್ಯಾರೂ ಕೈ ಹಚ್ಚುವುದಿಲ್ಲ ಎಂದ. ನನ್ನ ಗಿಡಗಳಿಗೆ ಇಷ್ಟು ಮರ್ಯಾದೆ ಕೊಟ್ಟನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಬಂದ ಕಣ್ಣೀರಿಗೆ ಇವತ್ತು ನಾಚಿಕೆಯಾಗುತ್ತದೆ.

ಅದೇ ಸಂಜೆ ಬರೆಯುವ ಪಟ್ಟಿಯ ಹಾಳೆ ಹರಿದು ಖೋಲಿಯ ಚಿತ್ರ ಬರೆದೆ. ಬಾಗಿಲು ಮನೆಯ ಕಡೆ. ಕಿಟಕಿ ಮೂಡಲಕ್ಕೆ, ಗುಲಾಬಿಗಳ ಎದುರಿಗೆ. ಕಿಟಕಿಯ ಕೆಳಗೆ ಟ್ರಂಕು, ಗೋಡೆಯಲ್ಲಿ ಪುಸ್ತಕಕ್ಕೊಂದು ಗೂಡು. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಗೂಡು ಇನ್ನೊಂದಿರಲಿ ಎಂದು ಹೇಳಿ, ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಗೌಂಡಿಗೆ ಕೊಡುತ್ತೇನೆ ಎಂದ.

ಕಡ್ಡಿ ಹಚ್ಚುವುದು ಯಾರಿಗಾದರೂ ಬರುತ್ತದೆ. ಬೆಳೆದು ನಿಂತದ್ದನ್ನು ಕೀಳುವುದು ನನಗೆ ಗೊತ್ತಿರಲಿಲ್ಲ. ಹಿಂದಿನ ಓಣಿಯಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಒಬ್ಬ ವಯಸ್ಸಾದ ಹೆಂಗಸು ಇದ್ದಳು. ನಮ್ಮ ಊರಿನ ಸುತ್ತ ಬೀಜದ ಕಂಪನಿಗಳಿಗಾಗಿ ಬೆಳೆಯುವ ಹೊಲಗಳಲ್ಲಿ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸಬೇಕು, ಮುಟ್ಟಿಸಿದ ಹೂವಿಗೆ ಗುರುತಿಗೆ ದಾರ ಕಟ್ಟಬೇಕು. ಅದಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಿದ್ದರು. ಹೂವಿನ ಹೊಟ್ಟೆಯೊಳಗಿನದೆಲ್ಲ ಬಲ್ಲ ಆಕೆಯ ಬೆರಳುಗಳು ಹತ್ತಿಯ ಹಾಗೆ ಹಗುರ. ಆಕೆಯನ್ನು ಕರೆದುಕೊಂಡು ಬಂದು ತೋರಿಸಿದೆ. ಏಳು ಕಂಟಿಗಳನ್ನೂ ಸುತ್ತು ಹಾಕಿ ನೋಡಿ, ಅವಸರ ಮಾಡಿದರೆ ಏಳೂ ಹೋಗುತ್ತವೆ, ಒಂದೂವರೆ ತಿಂಗಳಾದರೂ ಬೇಕು ಎಂದಳು. ಅಣ್ಣನಿಗೆ ಹೇಳಿದೆ. ಅವಸರವಿಲ್ಲ, ಆಗಲಿ ಎಂದ. ಅಷ್ಟು ತಾಳ್ಮೆ ಅವನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮೊದಲು ಪ್ರತಿ ಕಂಟಿಯ ಸುತ್ತ, ಬುಡದಿಂದ ಒಂದೂವರೆ ಗೇಣು ಬಿಟ್ಟು, ಅರ್ಧ ಚಂದ್ರದಷ್ಟು ಮಾತ್ರ ಸನಿಕೆ ಇಳಿಸಿ ಬೇರು ಕತ್ತರಿಸಬೇಕು. ಒಮ್ಮೆಲೇ ಸುತ್ತಲೂ ಕತ್ತರಿಸಿದರೆ ಗಿಡ ಕಂಗಾಲಾಗುತ್ತದೆ. ಹದಿನೈದು ದಿನ ಬಿಟ್ಟು ಉಳಿದರ್ಧ. ಕತ್ತರಿಸಿದ ಬೇರಿನ ತುದಿಯಲ್ಲಿ ಅಷ್ಟರೊಳಗೆ ಎಳೆ ಬೇರು ಬಂದಿರುತ್ತವೆ, ಹೊಸ ಜಾಗದಲ್ಲಿ ನೀರು ಕುಡಿಯುವುದು ಅವೇ. ಬೆಳಿಗ್ಗೆ ಐದಕ್ಕೇ ಎದ್ದು ಈ ಕೆಲಸ ಮುಗಿಸಿ, ಉಗುರಲ್ಲಿ ಮಣ್ಣು ಇಟ್ಟುಕೊಂಡೇ ಬ್ಯಾಡಗಿಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಆ ದಿನಗಳಲ್ಲಿ ನಾನು ಯಾವ ಮಗುವಿಗೂ ಬೈದದ್ದು ನೆನಪಿಲ್ಲ.

ಕೀಳುವ ಮೂರು ದಿನ ಮೊದಲು ಟೊಂಗೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಗಾಯಕ್ಕೆ ಸೆಗಣಿ ಮೆತ್ತಿದೆವು. ಆಗ ಆಕೆ ತನ್ನ ಸೆರಗಿನ ಗಂಟಿನಿಂದ ಕ್ರಾಸಿಂಗಿನ ಕೆಂಪು ದಾರ ತೆಗೆದಳು. ಪ್ರತಿ ಕಂಟಿಯಲ್ಲೂ ಮೂಡಲಕ್ಕೆ ಮುಖ ಮಾಡಿದ ಒಂದು ಟೊಂಗೆಗೆ ಅದನ್ನು ಕಟ್ಟಿಸಿದಳು. ಹೊಸ ಕುಣಿಯಲ್ಲಿ ಇಡುವಾಗ ದಾರದ ಟೊಂಗೆ ಮತ್ತೆ ಮೂಡಲಕ್ಕೇ ಇರಬೇಕು, ಬೆನ್ನಿಗೆ ಬಿಸಿಲು ಕಾಣದ ಗಿಡಕ್ಕೆ ಒಮ್ಮೆಲೇ ಬೆನ್ನು ಸುಡಬಾರದು ಎಂದಳು. ಇದನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ.

ಎತ್ತುವ ದಿನ ಅವ್ವ ಜೊತೆಗೆ ನಿಂತಳು. ಅವಳಿಗೆ ಮೊಣಕಾಲು ನೋವು, ಕೂತರೆ ಏಳಲಾಗುತ್ತಿರಲಿಲ್ಲ. ಆದರೂ ನಾನು ಬುಡದ ಕೆಳಗೆ ಸನಿಕೆ ಹಾಕಿ ಮಣ್ಣಿನ ಗಡ್ಡೆ ಒಡೆಯದ ಹಾಗೆ ಎತ್ತಿ ಹಿಡಿದರೆ ಅವಳು ಅದರಡಿ ಗೋಣಿತಟ್ಟು ತೂರಿಸಿ, ಇಬ್ಬರೂ ತುದಿ ಹಿಡಿದು ಹೊತ್ತೆವು. ಹಾವೇರಿಯ ಕಂಟಿ ಎಲ್ಲಕ್ಕಿಂತ ಹಳೆಯದು, ಭಾರಿ ಗಡ್ಡೆ. ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಒಂದು ಕೈ ಹಚ್ಚು ಬಾ ಎಂದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮುಳ್ಳಿಗೆ ಹೆದರುವ ಗಂಡಸು ಎಂದು ನಾನು ನಕ್ಕೆ. ಅವ್ವ ನಗಲಿಲ್ಲ, ಲಗೂ ಎತ್ತು ಎಂದಳು.

ಕಸಿಯ ಗಂಟು ಮಣ್ಣಿನ ಮೇಲಿರುವಂತೆ ಇಟ್ಟು, ಮಣ್ಣು ತುಳಿದು, ನೀರು ಬಿಟ್ಟು, ತೆಂಗಿನ ಗರಿಯ ನೆರಳು ಕಟ್ಟಿದೆ. ನಾನು ಶಾಲೆಗೆ ಹೋದಾಗ ಅಕ್ಕಿ ತೊಳೆದ ನೀರನ್ನೆಲ್ಲ ಅವ್ವ ಅವಕ್ಕೇ ಹಾಕುತ್ತಿದ್ದಳು. ನಾನು ಗಾಡಿ ಇಳಿದು ಬರುವುದನ್ನೇ ಕಾಯುತ್ತ ಕೂತು, ಇವತ್ತು ಬಿಳಿಯದು ಹಸಿರಾಗೈತಿ, ಕೆಂಪಿಂದು ಇನ್ನೂ ಸುಮ್ಮನ ಐತಿ ಎಂದು ವರದಿ ಒಪ್ಪಿಸುತ್ತಿದ್ದಳು. ಹಳದಿ ಒಣಗಿಹೋಯಿತು. ಉಳಿದ ಆರರಲ್ಲೂ ಇಪ್ಪತ್ತನೆಯ ದಿನದ ಹೊತ್ತಿಗೆ ಕೆಂಪು ಚಿಗುರು ಕಾಣಿಸಿತು. ಅವ್ವನೂ ನಾನೂ ಚಿಗುರಿನ ಎದುರಿಗೆ ನಿಂತು ಬೆಲ್ಲ ತಿಂದೆವು. ಹಾಗೆ ಅವಳು ನನ್ನ ಜೊತೆ ಸಂತೋಷವಾಗಿದ್ದದ್ದು ನಾನು ಹಾವೇರಿಯಿಂದ ಬಂದ ಮೇಲೆ ಅದೇ ಮೊದಲು.

ಅಷ್ಟಾದ ಮೇಲೆ ಗೌಂಡಿಗಳು ಬಂದರು. ಹಳೆಯ ಮೂಲೆಯಲ್ಲಿ ಬುನಾದಿ ಬಿತ್ತು, ಗೋಡೆ ಎದ್ದಿತು. ನಾನು ದಿನಾ ಹೊತ್ತು ಮುಳುಗುವಾಗ ಬಂದು ನೋಡುತ್ತಿದ್ದೆ. ಗೋಡೆ ಎದೆಯೆತ್ತರ ಬಂದರೂ ಮೂಡಲ ಕಡೆ ಕಿಟಕಿಗೆಂದು ಜಾಗ ಬಿಟ್ಟಿರಲಿಲ್ಲ. ಮೇಲೆ ಬಿಡುತ್ತಾರೇನೋ ಎಂದುಕೊಂಡೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬೇಗ ಬಂದೆ. ಗೋಡೆ ನನ್ನ ತಲೆ ದಾಟಿತ್ತು. ಮೂಡಲಕ್ಕೆ ಬರೀ ಇಟ್ಟಂಗಿ. ಹಿಂದಿನ ರಸ್ತೆಯ ಕಡೆ ಮಾತ್ರ ಎತ್ತಿನ ಬಂಡಿ ಹೋಗುವಷ್ಟು ಅಗಲ ಖಾಲಿ ಬಿಟ್ಟಿದ್ದರು. ಬರೀ ಬಂಡಿ ಓಡಾಡುತ್ತಿದ್ದ ಆ ರಸ್ತೆಯಲ್ಲಿ ಎರಡು ವರ್ಷದಿಂದ ಬೀಜದ ಅಂಗಡಿ, ಗೊಬ್ಬರದ ಅಂಗಡಿ ಸಾಲುಗಟ್ಟಿದ್ದವು. ನಾನು ಅವನ್ನು ದಿನಾ ನೋಡುತ್ತಿದ್ದೆ, ನೋಡಿಯೂ ಏನೂ ಹೊಳೆದಿರಲಿಲ್ಲ.

ಕಿಟಕಿ ಎಲ್ಲಿ ಎಂದು ಗೌಂಡಿಯನ್ನು ಕೇಳಿದೆ.

"ಕಿಟಕಿ ಯಾರೂ ಹೇಳಿಲ್ರಿ ಅಕ್ಕೋರ. ಈ ಕಡೆ ಶೆಟರ್ ಬರತೈತಿ. ಅಂಗಡಿ ಖೋಲಿಗೆ ಕಿಟಕಿ ಯಾಕ್ರಿ?"

ನಾನು ಬರೆದ ಚಿತ್ರವನ್ನು ಆತ ಕಂಡೇ ಇರಲಿಲ್ಲ.

ಅಣ್ಣ ಊಟಕ್ಕೆ ಬರುವವರೆಗೆ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಗೌಂಡಿಯೇ ತಪ್ಪು ತಿಳಿದಿದ್ದಾನೆ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಅಣ್ಣ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕೂತ. ವೈನಿ ರೊಟ್ಟಿ ಹಾಕಿದಳು. ಇದು ಯಾರ ಖೋಲಿ ಎಂದು ಕೇಳಿದೆ. ಬೀಜದ ಅಂಗಡಿಯವರಿಗೆ ಮಾತು ಕೊಟ್ಟಾಗಿದೆ ಎಂದ. ಯಾವಾಗ ಎಂದೆ. ದಸರೆಗೆ ಎಂದ. ಅಂದರೆ ನನಗೆ ಹೇಳುವುದಕ್ಕೂ ಮೊದಲು. ರೊಟ್ಟಿ ಮುರಿಯುತ್ತಲೇ ಇದ್ದ, ತಲೆ ಎತ್ತಲಿಲ್ಲ. ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಮನೆಯ ಮುಂದಿನದು ನೋಡಬೇಕಲ್ಲ ಎಂದ.

"ಮತ್ತ ನಾ ಎಲ್ಲಿರಬೇಕು?" ಎಂದೆ.

"ಹಾವೇರ್ಯಾಗ ನಿನ್ನ ಮನಿ ಐತೆಲ್ಲ."

ಏಳು ವರ್ಷದ ಹಿಂದೆ ಬಾಗಿಲಲ್ಲಿ ಅನ್ನಬಹುದಾಗಿದ್ದ ಮಾತನ್ನು ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡಿದ್ದ. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಅವನ ಮುಂದಿನ ತಾಟು ಕಿತ್ತು ಅಂಗಳಕ್ಕೆ ಎಸೆದೆ. ಅಂಗಡಿ ಬೇಕಿದ್ದರೆ ಅಂಗಡಿ ಎನ್ನಬೇಕಿತ್ತು, ನನ್ನ ಗಿಡ ನೀನೇ ಕಡಿದು ಬಿಸಾಕಬೇಕಿತ್ತು, ಆಸೆ ತೋರಿಸಿ ಒಂದೂವರೆ ತಿಂಗಳು ಕೂಲಿಯವಳ ಹಾಗೆ ಯಾಕೆ ಅಗೆಸಿದೆ ಎಂದು ಕೂಗಿದೆ. ಗೌಂಡಿಗಳು ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ಕೇಳಲಿ ಎಂದು ಇನ್ನೂ ಜೋರಾಗಿ ಕೂಗಿದೆ. ಅವನ ಪರವಾಗಿ ಮಾತಾಡಿದವಳು ಅಡಿಗೆಮನೆಯ ಬಾಗಿಲಲ್ಲಿ ನಿಂತ ಅವ್ವ.

"ಅವನಿಗೆ ಬೈಬ್ಯಾಡ. ಆಕಿ ಕೈಲೇ ಕೀಳಸು ಅಂತ ನಾನೇ ಹೇಳೀನಿ. ಮನಿಮಗಳು ಹಚ್ಚಿದ ಗಿಡ ಮನಿಯವರು ಕಿತ್ರ ಒಳ್ಳೇದಾಗಂಗಿಲ್ಲ."

ನಮ್ಮ ಓಣಿಯಲ್ಲಿ ಹಾಗೊಂದು ನಂಬಿಕೆ ಇತ್ತು. ತವರಿನ ಮಗಳು ಹಚ್ಚಿದ ಗಿಡವನ್ನು ಅಣ್ಣತಮ್ಮಂದಿರು ಕಡಿದರೆ ಅವಳ ಕಣ್ಣೀರು ಆ ಮನೆಗೆ ತಟ್ಟುತ್ತದೆ. ಅವಳಾಗಿಯೇ ಕಿತ್ತರೆ ದೋಷವಿಲ್ಲ. ಪಕ್ಕದ ಮನೆಯವರು ಮಗಳು ಹಚ್ಚಿದ ಲಿಂಬೆಗಿಡ ಕಡಿದು ಬಚ್ಚಲು ಕಟ್ಟಿಸಿದ ವರ್ಷವೇ ಅವರ ಎಮ್ಮೆ ಸತ್ತಿತ್ತು, ಅದನ್ನು ಎಲ್ಲರೂ ಇದಕ್ಕೇ ಜೋಡಿಸಿ ಆಡುತ್ತಿದ್ದರು. ನಾನು ಶಾಲೆ ಕಲಿಸುವವಳು, ಎಮ್ಮೆಗೂ ಲಿಂಬೆಗೂ ಏನು ಸಂಬಂಧ ಎಂದು ನಕ್ಕಿದ್ದೆ. ಆಗ ಅವ್ವನೂ ನನ್ನ ಜೊತೆ ನಕ್ಕಿದ್ದಳು.

ಅಣ್ಣ ಕೈ ಬೆನ್ನಿಗೆ ಕಟ್ಟಿಕೊಂಡದ್ದು, ಅವಸರವಿಲ್ಲ ಎಂದದ್ದು, ಗೂಡು ಇನ್ನೊಂದಿರಲಿ ಎಂದದ್ದು, ಎಲ್ಲ ಒಂದೊಂದಾಗಿ ಅರ್ಥವಾಯಿತು. ಅವನ ಮೋಸ ನನಗೆ ಅರಗಿತು ಎನ್ನಲಾರೆ, ಆದರೆ ಅಂಗಡಿ ಇಟ್ಟ ಗಂಡಸು, ಮೂರು ಮಕ್ಕಳ ತಂದೆ, ಅವನ ಲೆಕ್ಕಾಚಾರ ನನಗೆ ತಿಳಿಯುತ್ತದೆ. ಅವ್ವನದು ತಿಳಿಯಲಿಲ್ಲ. ನನ್ನ ಕಣ್ಣೀರು ಮನೆಗೆ ತಟ್ಟಬಾರದೆಂದು ಇಷ್ಟೆಲ್ಲ ಜೋಪಾನ ಮಾಡಿದವಳಿಗೆ ಆ ಕಣ್ಣೀರು ನನ್ನದು ಎನ್ನುವುದು ಹೊಳೆಯಲೇ ಇಲ್ಲ. ನೋಯುವ ಮೊಣಕಾಲೂರಿ ಗೋಣಿತಟ್ಟಿನ ತುದಿ ಹಿಡಿದಾಗ ಅವಳಿಗೆ ಎಲ್ಲ ಗೊತ್ತಿತ್ತು. ಬೆಲ್ಲ ತಿಂದಾಗಲೂ ಗೊತ್ತಿತ್ತು. ಅವಳ ಸಂತೋಷ ದೋಷ ಕಳೆಯಿತೆಂದೋ, ಚಿಗುರು ಬಂತೆಂದೋ, ನಾನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಎಂಬ ಹೆದರಿಕೆ ನನಗೆ.

ಸನಿಕೆ ಹಿಡಿದುಕೊಂಡು ಬಾವಿಯ ಹತ್ತಿರ ಹೋದೆ. ಆರೂ ಕಿತ್ತು ಒಯ್ಯಬೇಕು, ಈ ಮನೆಯಲ್ಲಿ ನನ್ನದೊಂದು ಎಲೆಯೂ ಇರಬಾರದು ಎಂಬ ಹಟ. ಕೂಗಾಟ ಕೇಳಿ ಹಿಂದಿನ ಓಣಿಯ ಆ ಹೆಂಗಸು ಬಂದಿದ್ದಳು. ನನ್ನ ಕೈ ಹಿಡಿದಳು. ಒಮ್ಮೆ ಕಿತ್ತದ್ದನ್ನು ಅದೇ ವರ್ಷ ಮತ್ತೆ ಕಿತ್ತರೆ ಬದುಕುವುದಿಲ್ಲ, ಎಳೆ ಬೇರು ಹರಿದರೆ ಮುಗಿಯಿತು ಎಂದಳು. ಸನಿಕೆ ಅಲ್ಲೇ ಬಿಟ್ಟೆ. ಹೀಗೆ ನನ್ನ ಗುಲಾಬಿಗಳು ಅಲ್ಲೇ ಉಳಿದವು. ಮುಂದೆ ಅಣ್ಣನಿಗೆ ಬಚ್ಚಲು ದೊಡ್ಡದು ಮಾಡಬೇಕಾದಾಗ ಅವು ಅಡ್ಡ ಬಂದವಂತೆ, ಮುಟ್ಟುವ ಧೈರ್ಯವಾಗದೆ ಗೋಡೆಯನ್ನೇ ಸೊಟ್ಟಗೆ ಕಟ್ಟಿಸಿದನಂತೆ. ಆ ಸುದ್ದಿ ಕೇಳಿದ ದಿನ ನಾನು ಎರಡು ಕಪ್ ಚಹಾ ಕುಡಿದೆ.

ಹೊಸರಿತ್ತಿಯ ಅಕ್ಕೋರು ಬ್ಯಾಡಗಿಯಲ್ಲಿ ನನಗೊಂದು ಬಾಡಿಗೆ ಖೋಲಿ ಹುಡುಕಿಕೊಟ್ಟರು. ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಳದ ಹಿಂದೆ. ಸುಗ್ಗಿಯಲ್ಲಿ ಸೀನದೆ ಒಂದು ರೊಟ್ಟಿ ಬಡಿಯಲಾಗುವುದಿಲ್ಲ ಎಂದು ಮೊದಲೇ ಎಚ್ಚರಿಸಿದರು. ಮೂಗಿಗೆ ಸೆರಗು ಕಟ್ಟಿಕೊಂಡು ಬಡಿಯುತ್ತೇನೆ ಎಂದೆ. ಎರಡು ವಾರದ ಮೇಲೆ ಒಂದು ರವಿವಾರ ಟ್ರಂಕು ಕಟ್ಟಿದೆ.

ಹೊರಡುವ ಹೊತ್ತಿಗೆ ಅವ್ವ ಮಣೆ ಹಾಕಿದಳು. ಮಗಳು ಬರಿ ಉಡಿಯಲ್ಲಿ ಹೋಗಬಾರದು, ಕೂಡು ಎಂದಳು. ಹದಿನೈದು ದಿನ ನಾವಿಬ್ಬರೂ ಮಾತಾಡಿರಲಿಲ್ಲ. ಕೂತೆ, ಸೆರಗು ಒಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಷಿಣದ ಕೊಂಬು, ಒಂದು ಕುಪ್ಪಸದ ಖಣ. ಐದು ಬೊಗಸೆ ಅಕ್ಕಿ ಹಾಕಿದಳು. ಉಡಿ ತುಂಬಿಸಿಕೊಂಡ ಮಗಳು ಅದರಿಂದ ಐದು ಚಿಟಿಕೆ ಅಕ್ಕಿ ತೆಗೆದು ತಾಟಿಗೆ ಮರಳಿ ಹಾಕಿ ಏಳುವುದು ನಮ್ಮ ಮನೆಯ ಪದ್ಧತಿ. ತಾನು ಹೋದರೂ ತವರು ತುಂಬಿರಲಿ ಎಂದು. ಅವ್ವ ತಾಟು ಹಿಡಿದು ನನ್ನ ಮುಂದೆ ಕಾದಳು. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತಾಟನ್ನೇ ನೋಡುತ್ತಿದ್ದ.

ನಾನು ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

"ಐದು ಕಾಳರೆ ಹಾಕು" ಎಂದಳು ಅವ್ವ, ಬಹಳ ಮೆಲ್ಲಗೆ.

ಹಾಕಲಿಲ್ಲ. ಟ್ರಂಕು ಎತ್ತಿಕೊಂಡೆ. ಬ್ಯಾಡಗಿಯ ಖೋಲಿಯಲ್ಲಿ ಆ ಸಂಜೆ ಸ್ಟೋವು ಹಚ್ಚಿ ಅದೇ ಅಕ್ಕಿಯಿಂದ ಅನ್ನ ಮಾಡಿದೆ, ಅಳುತ್ತ ಉಂಡೆ. ಆ ಅಕ್ಕಿ ನಾಲ್ಕು ದಿನ ಬಂತು. ಒಂದು ವರ್ಷ ಬಿಟ್ಟು ನಾನು ಮತ್ತೆ ರಾಣೆಬೆನ್ನೂರಿಗೆ ಹೋದೆ, ಆಮೇಲೆ ಹಬ್ಬಕ್ಕೆ ಹುಣ್ಣಿಮೆಗೆ ಹೋಗುತ್ತಲೇ ಇದ್ದೆ. ಅವ್ವ ಹೋಳಿಗೆ ಮಾಡಿ ಹಾಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಬಸ್ ಸ್ಟ್ಯಾಂಡಿನವರೆಗೆ ಕುಂಟುತ್ತ ಬರುತ್ತಿದ್ದಳು. ಸಾಯುವವರೆಗೂ ನನ್ನ ಉಡಿ ಮಾತ್ರ ತುಂಬಲಿಲ್ಲ.